ಅಳಿಯನ ಗಡಿಯಾರ

ಕಳೆದ ಆಶ್ವಯುಜದ ಒಂದು ಭಾನುವಾರ, ವಿಜಯನಗರದ ಹಂಪಿನಗರದಲ್ಲಿರುವ ನಮ್ಮ ಮನೆಯ ಜಗುಲಿಯಲ್ಲಿ – ಜಗುಲಿಯೆಂಬುದು ಗೌರವದ ಮಾತು; ಸ್ಕೂಟರನ್ನು ನಿಲ್ಲಿಸಿದ ಮೇಲೆ ಉಳಿಯುವ ಸ್ಥಳವೆಂದರೆ ಯಥಾರ್ಥವಾದೀತು – ನಾನು ಪತ್ರಿಕೆಯನ್ನು ಮುಖದ ಮುಂದೆ ಹಿಡಿದು, ಓದುತ್ತಿರುವೆನೆಂದು ಬೀದಿಯವರೂ ನಿದ್ರಿಸುತ್ತಿರುವೆನೆಂದು ನನ್ನ ಹೆಂಡತಿಯೂ ಏಕಕಾಲದಲ್ಲಿ ನಂಬಬಹುದಾದ ಭಂಗಿಯಲ್ಲಿ ಕುಳಿತಿದ್ದಾಗ, ಅಳಿಯಂದಿರು ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತು, ಗಂಟಲು ಸರಿಪಡಿಸಿಕೊಂಡು, “ಮಾವ, ಒಂದು ಒಳ್ಳೆ ವಾಚು ತಗೊಳ್ಳೋಣ ಅಂತಿದ್ದೀನಿ. ವೈಟ್ ಗೋಲ್ಡೋ ಪ್ಲಾಟಿನಮ್ಮೋ, ನೀವೇ ಹೇಳಬೇಕು” ಎಂದರು.

ದೀಪಾವಳಿಗೆ ಹತ್ತು ದಿನ ಉಳಿದಿತ್ತು. ಆದಕಾರಣ ‘ನೀವೇ ಹೇಳಬೇಕು’ ಎಂಬುದು ನನ್ನ ಕಿವಿಗೆ ‘ನೀವೇ ಕೊಡಿಸಬೇಕು’ ಎಂದು ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮದುವೆಯಾಗಿ ಹದಿಮೂರು ವರ್ಷಗಳಾಗಿ, ಅಳಿಯತನದ ಮೊದಲ ದೀಪಾವಳಿಯ ಋಣ ರೇಷ್ಮೆ ಪಂಚೆಯ ಸಮೇತ ಎಂದೋ ಸಂದಿತ್ತಾದರೂ, ಅಳಿಯನ ಹಕ್ಕಿಗೆ ಕಾಲಮಿತಿಯುಂಟೆಂದು ಹೇಳುವ ಧರ್ಮಶಾಸ್ತ್ರವನ್ನು ನಾನು ಕಂಡವನಲ್ಲ. ಭವಿಷ್ಯನಿಧಿಯ ಬಡ್ಡಿಯನ್ನು ಮನಸ್ಸಿನಲ್ಲೇ ಗುಣಿಸುತ್ತ, ನೆರವಿಗಾಗಿ ಅಡುಗೆಮನೆಯ ಬಾಗಿಲಿನತ್ತ ದೃಷ್ಟಿ ಹಾಯಿಸುತ್ತಿರಲಾಗಿ, ಅವರು ನಕ್ಕು, “ದುಡ್ಡು ನಂದೇ ಮಾವ, ಬೋನಸ್ ಬಂದಿದೆ. ನೀವು ಕೆಮಿಸ್ಟ್ರಿ ಮೇಷ್ಟ್ರಲ್ಲವಾ, ಅದಕ್ಕೆ ಕೇಳಿದೆ” ಎಂದರು. ಭಯ ನಿವಾರಣೆಯಾದ ಮನುಷ್ಯನಷ್ಟು ಧಾರಾಳವಾಗಿ ಉಪದೇಶ ಮಾಡುವವನು ಇನ್ನೊಬ್ಬನಿಲ್ಲ. ನಾನು ಪತ್ರಿಕೆಯನ್ನು ಮಡಿಸಿಟ್ಟೆ.

ಉಪದೇಶಕ್ಕೆ ಮೊದಲು ನನ್ನ ಅರ್ಹತೆಯನ್ನೂ ಅರಿಕೆ ಮಾಡಿಕೊಳ್ಳುವುದು ನ್ಯಾಯ. ನನ್ನ ಕೈಯಲ್ಲಿರುವುದು ಎಚ್‌ಎಂಟಿಯವರ ‘ಜನತಾ’. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ನಮ್ಮ ಜಾಲಹಳ್ಳಿಯಲ್ಲಿ ಗಡಿಯಾರದ ಕಾರ್ಖಾನೆ ತೆರೆದಂದಿನಿಂದ, ಗಂಡಿಗೆ ವರಪೂಜೆಯಲ್ಲಿ ಉಂಗುರದೊಡನೆ ಎಚ್‌ಎಂಟಿ ಕಟ್ಟದ ಮಾವ ಮಾವನೇ ಅಲ್ಲವೆಂಬ ನಂಬಿಕೆ ಈ ನಾಡಿನಲ್ಲಿ ಬಹುಕಾಲ ಬೇರೂರಿತ್ತು. ಆ ಕುಲದಲ್ಲಿ ‘ಕಾಂಚನ್’ ಎಂಬ ಹೊಂಬಣ್ಣದ, ವಾರ ತಾರೀಖುಗಳನ್ನು ತೋರಿಸುವ, ಕೀ ಕೊಡಬೇಕಾದ ಅಗತ್ಯವಿಲ್ಲದ ಗಡಿಯಾರ ರಾಜಕುಮಾರ. ದಿನಕ್ಕೊಮ್ಮೆ ಕೀ ಕೊಡಬೇಕಾದ ಬಿಳಿಯ ಜನತಾ ಹೆಸರಿಗೆ ತಕ್ಕಂತೆ ಪ್ರಜೆ. 1983ರಲ್ಲಿ ನನ್ನ ವರಪೂಜೆಯ ಕಾಲಕ್ಕೆ, ಕಾಂಚನ್ ಬರುವುದೆಂದು ಬಂಧುವರ್ಗದಲ್ಲೆಲ್ಲ ಸುದ್ದಿಯಾಗಿದ್ದು, ಪೆಟ್ಟಿಗೆ ತೆರೆದಾಗ ಜನತಾ ಹೊರಟಿತು. ಮಾವನವರು ಸಂಭಾವಿತರು, ಆದರೆ ಕೈ ಸ್ವಲ್ಪ ಬಿಗಿ ಎಂಬ ಅಭಿಪ್ರಾಯವನ್ನು ನಾನು ಅಂದಿನಿಂದ ಇಂದಿನವರೆಗೂ ಯಾರಿಗೂ ಹೇಳದೆ, ಆದರೆ ಒಂದು ದಿನವೂ ಬಿಡದೆ ಇಟ್ಟುಕೊಂಡು ಬಂದಿದ್ದೆ. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ನಾನು ನನ್ನ ಅಳಿಯನಿಗೆ ಹೊಸೂರಿನ ಟೈಟಾನ್ ಕಾರ್ಖಾನೆಯ, ಚಿನ್ನದ ಲೇಪವುಳ್ಳ ಗಡಿಯಾರವನ್ನು ಕೊಟ್ಟೆ. ಅವರು ಅದನ್ನು ಬೀರುವಿನಲ್ಲಿ ಭದ್ರಪಡಿಸಿ, ಹೆಜ್ಜೆ ಎಣಿಸುವ ಒಂದು ಕರಿಯ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ತಿರುಗುತ್ತಿದ್ದಾರೆ.

“ನೋಡಿ,” ಎಂದು ನಾನು ಪ್ರಾರಂಭಿಸಿದೆ, “ಬಿಳಿಯ ಚಿನ್ನವೆಂಬುದು ಗಣಿಯಲ್ಲಿ ಸಿಕ್ಕುವ ವಸ್ತುವಲ್ಲ.” ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೂ ಕೊಟ್ಟದ್ದು, ರಾಯಚೂರು ಸೀಮೆಯ ಹಟ್ಟಿ ಈಗಲೂ ಕೊಡುತ್ತಿರುವುದು ಹಳದಿಯ ಚಿನ್ನವನ್ನೇ. ಅದರ ನೂರರಲ್ಲಿ ಎಪ್ಪತ್ತೈದು ಪಾಲಿಗೆ ಪಲ್ಲಾಡಿಯಮ್ಮನ್ನೋ ನಿಕ್ಕಲನ್ನೋ ಬೆರೆಸಿ, ಸಹಜವಾದ ವರ್ಣವನ್ನು ಅಡಗಿಸಿ, ಹದಿನೆಂಟು ಕ್ಯಾರೆಟ್ಟೆಂದು 750ರ ಮುದ್ರೆಯೊತ್ತುತ್ತಾರೆ. ಅಷ್ಟಾದರೂ ಅದು ಒಂದಿಷ್ಟು ತುಪ್ಪದ ಛಾಯೆಯನ್ನು ಉಳಿಸಿಕೊಂಡಿರುವುದರಿಂದ, ಆಭರಣಗಳಿಗಾದರೆ ಮೇಲೆ ರೋಡಿಯಮ್ ಎಂಬ ಅಪೂರ್ವ ಲೋಹದ ತೆಳುಲೇಪವನ್ನೂ ಕೊಡುವುದು ರೂಢಿ. ಲೇಪ ಸವೆದಲ್ಲಿ ಒಳಗಿನ ಹಳದಿ ಮೆಲ್ಲನೆ ಇಣುಕುತ್ತದೆ – ನರೆಗೆ ಕಪ್ಪು ಹಚ್ಚುವ ನನ್ನ ಕೆಲವು ಮಿತ್ರರ ಕೂದಲಿನ ಬುಡ ತಿಂಗಳಿಗೊಮ್ಮೆ ಸತ್ಯವನ್ನು ನುಡಿಯುವಂತೆ.

ಇಷ್ಟು ಹೊತ್ತಿಗೆ ಒಳಗಿನಿಂದ ಕಾಫಿಯೂ ಆಕ್ಷೇಪಣೆಯೂ ಒಟ್ಟಿಗೆ ಬಂದುವು. “ಅಲ್ಲಾ ರೀ, ಹಳದಿಯಾಗಿರೋ ಚಿನ್ನಾನ ದುಡ್ಡು ಕೊಟ್ಟು ಬೆಳ್ಳಗೆ ಮಾಡಿಸಿಕೊಳ್ಳೋದು ಯಾವ ಜಾಣತನ? ಬೆಳ್ಳಗೇ ಬೇಕಾದರೆ ಬೆಳ್ಳಿ ಇಲ್ಲವಾ?” ಎಂದು ಕೇಳಿದ ನನ್ನ ಹೆಂಡತಿಗೆ, ಈ ತರ್ಕವನ್ನು ಹದಿನೆಂಟನೆಯ ಶತಮಾನದ ಸ್ಪೇನಿನವರೂ ಒಪ್ಪುತ್ತಿದ್ದರೆಂಬುದು ತಿಳಿದಿರಲಿಲ್ಲ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಚಿನ್ನವನ್ನು ಸೋಸುವಾಗ ಜೊತೆಗೆ ಬರುತ್ತಿದ್ದ, ಕರಗಿಸಿದರೆ ಕರಗದ ಬಿಳಿಯ ಕಾಳುಗಳಿಗೆ ಅವರು ‘ಪ್ಲಾಟಿನಾ’, ಎಂದರೆ ಮರಿಬೆಳ್ಳಿ ಎಂದು ತಾತ್ಸಾರದ ಹೆಸರಿಟ್ಟರು. ಕಳ್ಳರು ಇದನ್ನು ಚಿನ್ನದೊಳಗೆ ಸೇರಿಸಿ ಮೋಸ ಮಾಡುವರೆಂದು ಅಂಜಿ ಮರಳಿ ಹೊಳೆಗೇ ಸುರಿಸಿದ್ದೂ ಉಂಟು. ಚಿನ್ನ ಕರಗುವುದು 1064 ಡಿಗ್ರಿಯ ಶಾಖಕ್ಕೆ. ಈ ಮರಿಬೆಳ್ಳಿಗೆ 1768 ಡಿಗ್ರಿ ಬೇಕು. ನಮ್ಮ ಬೀದಿಯ ಅಕ್ಕಸಾಲಿಯ ಊದುಕೊಳವೆ ಎಷ್ಟು ಊದಿದರೂ ಅದು ಜಗ್ಗದು. ಹೊಳೆಗೆಸೆದ ಅದೇ ಲೋಹಕ್ಕೆ ಹತ್ತರಲ್ಲಿ ಒಂದು ಪಾಲು ಇರಿಡಿಯಮ್ ಬೆರೆಸಿ ಎರಕ ಹೊಯ್ದ ಒಂದು ಗಟ್ಟಿ, 1889ರಿಂದ 2019ರವರೆಗೆ ಪ್ಯಾರಿಸಿನ ಬಳಿಯ ನೆಲಮಾಳಿಗೆಯಲ್ಲಿ ಕುಳಿತು, ಜಗತ್ತಿಗೆಲ್ಲ ಇದೇ ಒಂದು ಕಿಲೋ ಎಂದು ಸಾರಿತು. ಸೊಪ್ಪಿನವಳ ತಕ್ಕಡಿಯ ನ್ಯಾಯವೂ ಪರಂಪರೆಯಿಂದ ಅದರದೇ. ಇದರ ಬಳಗದ ಲೋಹಗಳು ನಮ್ಮ ಚನ್ನಗಿರಿಯ ಹನುಮಲಾಪುರದ ಕಲ್ಲಿನಲ್ಲಿಯೂ ಇವೆಯೆಂದು ಭೂವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಡಕೆಗೆ ಹೆಸರಾದ ಊರಿನ ಸೀಮೆ. ಅಲ್ಲಿಯವರು ಈ ಸುದ್ದಿಯಿಂದ ವಿಚಲಿತರಾದಂತೆ ಕಾಣೆ.

“ಬೆಲೆ?” ಎಂದರು ಅಳಿಯಂದಿರು. ಹಿಂದೆ ಪ್ಲಾಟಿನಮ್ಮೇ ತೂಕಕ್ಕೆ ತೂಕ ದುಬಾರಿಯಾಗಿತ್ತು. 2015ರಿಂದೀಚೆಗೆ ಚಿನ್ನ ಅದನ್ನು ಹಿಂದೆ ಹಾಕಿದೆ. ಆದರೂ ಗಡಿಯಾರದಲ್ಲಿ ಪ್ಲಾಟಿನಮ್ಮಿನದೇ ಬೆಲೆ ಹೆಚ್ಚು. ಏಕೆಂದರೆ ನೂರಕ್ಕೆ ತೊಂಬತ್ತೈದು ಪಾಲು ಅದೇ ಇರಬೇಕು, ಸಾಂದ್ರತೆ ಅಧಿಕವಾದ್ದರಿಂದ ಅದೇ ಅಳತೆಯ ಕವಚಕ್ಕೆ ಹೆಚ್ಚು ಗ್ರಾಮು ಹಿಡಿಯುತ್ತದೆ, ಕೊರೆಯ ಹೋದ ಉಳಿಗೆ ಅಂಟಿಕೊಂಡು ಕಾಡುತ್ತದೆ. ಗೀರು ಬೀಳದೆಂಬುದು ಭ್ರಮೆ. ಬೀಳುತ್ತದೆ, ಆದರೆ ಲೋಹ ಉದುರಿಹೋಗದೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ತುಂಬಿದ ಬಸ್ಸಿನಲ್ಲಿ ನಮ್ಮ ಜನ ಸರಿದು ನಿಲ್ಲುವಂತೆ. ಹೀಗೆ ಒಂದೂವರೆ ಗಂಟೆಯ ಉಪನ್ಯಾಸ ಮುಗಿಸಿದ ನನಗೆ, ನಿವೃತ್ತನಾದ ಮೇಲೆ ಇಂತಹ ವಿಧೇಯ ವಿದ್ಯಾರ್ಥಿ ಸಿಕ್ಕಿರಲಿಲ್ಲವಾಗಿ, ವಸ್ತುವನ್ನು ಪ್ರತ್ಯಕ್ಷ ಪರೀಕ್ಷಿಸಿಯೇ ತೀರ್ಪು ಕೊಡುವೆನೆಂಬ ಮಾತು ಬಾಯಿಂದ ಹೊರಬಿದ್ದಿತು.

ಮರುವಾರ ವಿಜಯನಗರದ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕಿನಲ್ಲಿ ಇಳಿದು, ವಿಠಲ ಮಲ್ಯ ರಸ್ತೆಯ ಕಡೆಗೆ ನಡೆದು, ಒಂದು ಅಂಗಡಿಯನ್ನು ಹೊಕ್ಕೆವು. ಅಂಗಡಿಯೆಂಬ ಮಾತು ಅಲ್ಲಿಗೆ ಸಲ್ಲದು. ಗರ್ಭಗುಡಿಯ ತಂಪು, ಗರ್ಭಗುಡಿಯ ಮೌನ, ಕೈಗೆ ಬಿಳಿಯ ಗವಸು ತೊಟ್ಟ ಅರ್ಚಕನಂತಹ ಒಬ್ಬ ತರುಣ. ಅವನು ಮಖಮಲ್ಲಿನ ತಟ್ಟೆಯಲ್ಲಿ ಮೂರು ಗಡಿಯಾರಗಳನ್ನು ತಂದಿಟ್ಟು, “ಸಾರ್, ಒಂದು ಸ್ಟೀಲು, ಒಂದು ವೈಟ್ ಗೋಲ್ಡು, ಒಂದು ಪ್ಲಾಟಿನಮ್. ಹಿಡಿದು ನೋಡಿ” ಎಂದನು. ನೋಡಿದೆ. ಬಣ್ಣದಲ್ಲಿ ಮೂರೂ ನನ್ನ ಜನತಾದ ಹಾಗೆಯೇ ಇದ್ದುವು. ನಮ್ಮ ಬಡಾವಣೆಯಲ್ಲಿ ಮೂವತ್ತು ನಲವತ್ತರ ನಿವೇಶನವನ್ನು ಕೊಳ್ಳಲು ನಾನು ಅಂದು ತೆತ್ತ ಹಣದಂತಹ ಹತ್ತು ಮೊತ್ತಗಳನ್ನು ಸುರಿದ ಮೇಲೂ, ಅತ್ತಿಗುಪ್ಪೆಯ ಬಸ್ಸಿನಲ್ಲಿ ಪಕ್ಕದವನ ಕಣ್ಣಿಗೆ ಉಕ್ಕಿನಂತೆಯೇ ತೋರುವ ವಸ್ತುವನ್ನು ಕೊಳ್ಳುವವನು ಕೊಳ್ಳುತ್ತಿರುವುದಾದರೂ ಏನನ್ನು? ತನ್ನ ಮಣಿಕಟ್ಟಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟನ್ನಷ್ಟೆ ಎಂದು ನಾನು ಮೆಚ್ಚುತ್ತಿರುವಾಗಲೇ ಆ ತರುಣ, ರೋಲೆಕ್ಸಿನವರು ಪ್ಲಾಟಿನಮ್ ಗಡಿಯಾರಕ್ಕೆಂದೇ ಹಿಮದಂತಹ ತಿಳಿನೀಲಿಯ ಮುಖವನ್ನು ಮೀಸಲಿಟ್ಟಿರುವುದನ್ನೂ, ಪಾಟೆಕ್ ಫಿಲಿಪ್ಪಿನವರು ಆರರ ಅಂಕಿಯ ಕೆಳಗೆ ಕವಚದಲ್ಲಿ ಕಿರುವಜ್ರವೊಂದನ್ನು ಹುದುಗಿಸುವುದನ್ನೂ ವರ್ಣಿಸತೊಡಗಿದನು. ಗುಟ್ಟಿಗೆ ಹಣ ತೆತ್ತವನಿಗೆ ಅದು ರಟ್ಟಾಗದಿದ್ದರೆ ನಿದ್ರೆ ಬಾರದೆಂಬುದು ಸ್ವಿಟ್ಜರ್ಲೆಂಡಿನವರಿಗೂ ತಿಳಿದಿದೆ.

ತಟ್ಟೆಯಲ್ಲಿದ್ದುದರಲ್ಲಿ ಅಂತಹ ಯಾವ ಸುಳಿವೂ ಇರಲಿಲ್ಲ. ಆದರೆ ನಾನು ಮೇಷ್ಟರು. ಉಕ್ಕಿನ ಸಾಂದ್ರತೆ ನೀರಿನ ಎಂಟರಷ್ಟು, ಬಿಳಿಯ ಚಿನ್ನದ್ದು ಸುಮಾರು ಹದಿನೈದರಷ್ಟು, ಪ್ಲಾಟಿನಮ್ಮಿನದು ಇಪ್ಪತ್ತೊಂದನ್ನೂ ಮೀರಿದ್ದು. ಕಣ್ಣು ಮುಚ್ಚಿ ಮೂರನ್ನೂ ಒಂದೊಂದಾಗಿ ಅಂಗೈಯಲ್ಲಿ ತೂಗಿ, ಅತ್ಯಂತ ಭಾರವಾದುದನ್ನು ಎತ್ತಿ ಹಿಡಿದು, “ಇದೇ ಪ್ಲಾಟಿನಮ್. ಈ ಭಾರಕ್ಕೆ ಒಂದು ಗಾಂಭೀರ್ಯವಿದೆ, ಬೇರೆ ಲೋಹಕ್ಕೆ ಬಾರದು” ಎಂದು ಅಂಗಡಿಗೆಲ್ಲ ಕೇಳುವಂತೆ ಘೋಷಿಸಿದೆ.

“ಅದು ಸ್ಟೀಲು ಸಾರ್,” ಎಂದನು ತರುಣ, ನೋಯಿಸಬಾರದೆಂಬ ಸ್ವರದಲ್ಲಿ. “ನೀರೊಳಗೆ ಮುನ್ನೂರು ಮೀಟರ್ ಇಳಿಯೋರಿಗೆ ಮಾಡಿರೋದು.”

ದಪ್ಪ ಕವಚ, ಉಕ್ಕಿನದೇ ಸರಪಳಿ. ಪ್ಲಾಟಿನಮ್ಮಿನದಾದರೋ ಚರ್ಮದ ಪಟ್ಟಿಯ ಬಡಕಲು ಗಡಿಯಾರ. ಭಾರ ಬೇರೆ, ಸಾಂದ್ರತೆ ಬೇರೆ ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದು, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು, ಅಲ್ಲಿ ಬೆಂಚಿಲ್ಲದ್ದಕ್ಕಾಗಿ ದೇವರನ್ನು ಸ್ಮರಿಸಿದೆ. ಮುನ್ನೂರು ಮೀಟರೆಂದರೆ ಹತ್ತಿರ ಹತ್ತಿರ ಸಾವಿರ ಅಡಿ. ನಮ್ಮ ಕಡೆ ಅಷ್ಟು ಇಳಿದ ಕೊಳವೆಬಾವಿಗೇ ನೀರು ಸಿಕ್ಕುವುದು ದುರ್ಲಭವಾಗಿರುವಾಗ ಇದನ್ನು ಕಟ್ಟಿಕೊಂಡು ಇಳಿಯುವವನಾರೆಂದು ಕೇಳಿ ಮಾತು ತಿರುಗಿಸಲೆತ್ನಿಸಿದೆ. ಯಾರೂ ನಗಲಿಲ್ಲ. ಅಳಿಯಂದಿರು ಮಾತ್ರ ಗೋಡೆಯ ಒಂದು ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ಕೊನೆಗೆ ಅವರು, ನನ್ನ ತೀರ್ಪಿಗೆ ಕಾಯದೆ, ಪ್ಲಾಟಿನಮ್ ಎಂದರು. ತರುಣನು ಹರ್ಷಿಸಿ, ವಿಳಾಸವನ್ನು ಬರೆದುಕೊಂಡು, ತಟ್ಟೆಯಲ್ಲಿರುವುದು ಕೇವಲ ದರ್ಶನಕ್ಕೆಂದೂ, ಸರದಿಯ ಪಟ್ಟಿಯಿದೆಯೆಂದೂ, ಒಂದೂವರೆ ಎರಡು ವರ್ಷಗಳಲ್ಲಿ ತಿಳಿಸುವೆವೆಂದೂ, ಬಿಳಿಯ ಚಿನ್ನದ್ದು ಮೊದಲು ಬಂದರೆ ಅದೇ ಸಾಕೇ ಎಂಬುದನ್ನೂ ಹೇಳಿರಬೇಕೆಂದೂ ಅರಿಕೆ ಮಾಡಿದನು. “ಯಾವುದು ಮೊದಲು ಬಂದರೆ ಅದು” ಎಂದರು ಅಳಿಯಂದಿರು.

ಮನೆಗೆ ಬಂದಾಗ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. “ಎಲ್ಲಿ, ತೋರಿಸಿ?” ಎಂದಳು.

“ಹೆಸರು ಬರೆಸಿ ಬಂದಿದ್ದೀವಿ ಅತ್ತೆ. ಎರಡು ವರ್ಷ ಆಗಬಹುದಂತೆ. ಬಂದರೆ ಪ್ಲಾಟಿನಮ್, ಇಲ್ಲದಿದ್ದರೆ ಸಿಕ್ಕಿದ್ದು.”

“ನಮ್ಮಪ್ಪನೂ ಹಾಗೇ ಬರೆಸಿ ಬಂದಿದ್ದರು,” ಎಂದಳು ಅವಳು, ಸೊಗಡು ಅಂಟಿದ ಕೈಯನ್ನು ಮೊರದಿಂದ ಎತ್ತದೆ. “ಕಾಂಚನ್ನಿಗೆ. ಒಂದು ವರ್ಷ ಮೊದಲೇ. ವಾರಕ್ಕೊಂದು ಸಲ ಹೋಗಿ ಕೇಳೋರು. ವರಪೂಜೆ ದಿನದವರೆಗೂ ಬರಲೇ ಇಲ್ಲ. ಅಂಗಡಿಯವನು ಕೈಲಿದ್ದ ಜನತಾ ಕೊಟ್ಟು ಕಳಿಸಿದ. ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ.”

ನಲವತ್ತೆರಡು ವರ್ಷದ ನನ್ನ ಅಭಿಪ್ರಾಯ ಅಲ್ಲಿಯೇ ಮೊರದ ಪಕ್ಕದಲ್ಲಿ ಸಿಪ್ಪೆಯೊಡನೆ ಬಿದ್ದಿತು. “ಇದನ್ನು ಇಷ್ಟು ದಿನ ನನಗೇಕೆ ಹೇಳಲಿಲ್ಲ?” ಎಂದೆ.

“ನೀವು ಕೇಳಿದ್ದಿರಾ?” ಎಂದು ಅವಳು ಮೊರವನ್ನೆತ್ತಿಕೊಂಡು ಒಳಗೆ ಹೋದಳು. ನಾನು ಜನತಾವನ್ನು ಬಿಚ್ಚಿ, ಬೆಳಿಗ್ಗೆಯೇ ಕೊಟ್ಟಿದ್ದರೂ, ಇನ್ನೊಂದು ಸುತ್ತು ಕೀ ಕೊಟ್ಟೆ.