ಪಕ್ಷಾಂತರಿ ಮೈನಸ್ಸು

ಭಾನುವಾರ ಊಟ ಮುಗಿಸಿ ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ತಂಗಿಯ ಮಗ ನೋಟ್‌ಬುಕ್ ಹಿಡಿದು ಬಂದ. ಏಳನೇ ಕ್ಲಾಸು.

"ಮಾವ, ನಿಂಗೆ ಲೆಕ್ಕ ಬರುತ್ತಾ?"

ಈ ಪ್ರಶ್ನೆಗೆ ನಲವತ್ತು ದಾಟಿದ ಯಾವ ಗಂಡಸು "ಇಲ್ಲ" ಅಂದಿದ್ದಾನೆ ಹೇಳಿ? ನೋಡಿದರೆ, 5 − 3 ಎಕ್ಸ್ = 17. ಐದರಲ್ಲಿ ಏನೋ ಕಳೆದರೆ ಹದಿನೇಳು ಉಳಿಯುತ್ತದಂತೆ! ಐದು ರೂಪಾಯಿ ಒಯ್ದು, ಖರ್ಚು ಮಾಡಿ, ಹದಿನೇಳು ರೂಪಾಯಿ ವಾಪಸ್ ತರುವವರು ನಮ್ಮ ಮನೆಯಲ್ಲಂತೂ ಹುಟ್ಟಿಲ್ಲ.

ಆದರೂ ಬಿಡಲಿಲ್ಲ. ಐದನ್ನು ಆಚೆಗೆ ದಾಟಿಸಿದೆ. ಇದಕ್ಕೆ ಪಕ್ಷಾಂತರ ಅಂತಲೇ ಹೆಸರು. ಸಮೀಕರಣದ ಎರಡು ಬದಿಗಳನ್ನು ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರೇ 'ಪಕ್ಷ' ಎಂದಿದ್ದರು. ರಾಜಕೀಯದವರು ಆಮೇಲೆ ಬಂದವರು. ಅವರ ಪಕ್ಷಾಂತರ ತಡೆಯಲು 1985ರಲ್ಲಿ ಕಾಯ್ದೆ ಬಂತು. ನಮ್ಮ ಐದಕ್ಕೆ ಯಾವ ಸ್ಪೀಕರ್ ಭಯ? ಗಡಿ ದಾಟಿ ಮೈನಸ್ಸಾಯಿತು. ಹದಿನೇಳರಲ್ಲಿ ಐದು ಹೋಗಿ ಹನ್ನೆರಡು. ಉಳಿದದ್ದು −3 ಎಕ್ಸ್ = 12.

"ಈಗ ಮೈನಸ್ ಮೂರೂ ಆಚೆ ಹೋಗಲಿ. ಹೋಗ್ತಾ ಪ್ಲಸ್ಸಾಗುತ್ತೆ. ಹನ್ನೆರಡನ್ನು ಮೂರರಿಂದ ಭಾಗಿಸು. ನಾಲ್ಕು! ಹೋಗು, ಮಲಗ್ಬೇಕು."

ಪೋರ ಹೋಗಲಿಲ್ಲ. ಎಕ್ಸ್ ಇದ್ದ ಕಡೆ ನಾಲ್ಕು ಕೂರಿಸಿ ತಾಳೆ ನೋಡಿದ. ಐದರಲ್ಲಿ ಹನ್ನೆರಡು ಹೋದರೆ ಮೈನಸ್ ಏಳು.

"ಹದಿನೇಳು ಬರ್ಲಿಲ್ಲ, ಮಾವ."

"ಪುಸ್ತಕದಲ್ಲಿ ಅಚ್ಚಿನ ತಪ್ಪಿರಬೇಕು" ಅಂದೆ.

ತಪ್ಪು ನನ್ನದೇ. ಐದು ಪಕ್ಕದಲ್ಲಿ ಸುಮ್ಮನೆ ಕೂತಿತ್ತು. ಮೈನಸ್ ಮೂರು ಹಾಗಲ್ಲ; ಎಕ್ಸನ್ನು ಗುಣಿಸುತ್ತಾ ಅದಕ್ಕೆ ಅಂಟಿಕೊಂಡಿತ್ತು. ಅದನ್ನು ಬಿಡಿಸಲು ಎರಡೂ ಬದಿಯನ್ನು ಮೈನಸ್ ಮೂರರಿಂದಲೇ ಭಾಗಿಸಬೇಕು. ಆಗ ಎಕ್ಸ್ ಅಂದರೆ ಮೈನಸ್ ನಾಲ್ಕು. ನಿಜ ಹೇಳಬೇಕೆಂದರೆ ಐದು ಕೂಡ ಎಲ್ಲಿಗೂ ಹಾರಿರಲಿಲ್ಲ. ತಕ್ಕಡಿಯ ಎರಡೂ ತಟ್ಟೆಯಿಂದ ಐದೈದು ತೆಗೆದಿದ್ದೆವು, ಅಷ್ಟೆ. "ದಾಟಿದರೆ ಚಿಹ್ನೆ ಬದಲು" ಎಂದು ಬಾಯಿಪಾಠ ಮಾಡಿದವರಿಗೆ ತಕ್ಕಡಿ ಮರೆತುಹೋಗಿರುತ್ತದೆ.

"ಕಳೆದರೆ ಜಾಸ್ತಿ ಹೇಗಾಗುತ್ತೆ?" ಎಂದ ಹುಡುಗ. ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: "ಸಾಲಗೀಲ ಎಲ್ಲ ಮುರಿದುಕೊಂಡು ನಿನ್ನ ಗಂಟು ಐದು ರೂಪಾಯಿ ಅಂದ್ಕೋ. ನಾಲ್ಕು ನಾಲ್ಕು ರೂಪಾಯಿಯ ಮೂರು ಉದ್ದರಿ ಇತ್ತು, ಅಂಗಡಿಯವನು ಮೂರನ್ನೂ ಹೊಡೆದುಹಾಕಿದ. ಈಗೆಷ್ಟು?"

"ಹದಿನೇಳು!"

ಬ್ರಹ್ಮಗುಪ್ತ 628ರಲ್ಲಿ ಹೇಳಿದ್ದೂ ಇದನ್ನೇ: ಇರುವುದು ಧನ, ಸಾಲ ಋಣ, ಋಣವನ್ನು ಋಣದಿಂದ ಗುಣಿಸಿದರೆ ಧನ. ಜರ್ಮನಿಯ ಗಣಿತಜ್ಞ ಸ್ಟಿಫೆಲ್ 1544ರಲ್ಲೂ ಈ ಸಂಖ್ಯೆಗಳನ್ನು ಅಸಂಬದ್ಧ ಅನ್ನುತ್ತಿದ್ದ. ಪಾಪ, ಅವನ ಓಣಿಯಲ್ಲಿ ಉದ್ದರಿ ಕೊಡುವ ಅಂಗಡಿ ಇರಲಿಲ್ಲವೋ ಏನೋ.

ನಾನು ಮತ್ತೆ ಚಾಪೆ ಹಾಸಿದೆ. ನೀವೂ ಲೆಕ್ಕ ಹೇಳಿಕೊಡುವವರಾದರೆ ಒಂದು ಮಾತು: ಲೆಕ್ಕದಲ್ಲಾಗಲಿ, ಹೊರಗಾಗಲಿ, ಪಕ್ಷಾಂತರ ಮಾಡಿ ಬಂದವರನ್ನು ತಾಳೆ ನೋಡದೆ ನಂಬಬೇಡಿ.