ಕೆಂಪುಪಾಚಿ ವಿಚಾರ: ಒಂದು ಖಂಡನ-ಮಂಡನ

ಕಡಲ ಕೆಂಪುಪಾಚಿ ಏಕೆ ಕೆಂಪು, ಕೆಂಪಾಗಿದ್ದೂ ಅದು ದ್ಯುತಿಸಂಶ್ಲೇಷಣೆ ನಡೆಸುವುದು ಹೇಗೆ ಎಂಬೆರಡು ಪ್ರಶ್ನೆಗಳನ್ನು ಈ ಪ್ರಬಂಧ ಎತ್ತಿಕೊಂಡಿದೆ. ಯಾರೂ ಕೇಳಿರಲಿಲ್ಲ, ನಿಜ. ಯಾರೂ ಕೇಳದಿರುವುದು ಪ್ರಬಂಧ ಮಂಡನೆಗೆ ಈವರೆಗೆ ಅಡ್ಡಿಯಾದ ನಿದರ್ಶನವಿಲ್ಲ.

ಮೊದಲಿಗೆ ಪೂರ್ವಪಕ್ಷ. ಹಸಿರಾಗಿರುವುದೇ ಸಸ್ಯಗಳ ಸದಾಚಾರ, ಕೆಂಪಾದದ್ದು ಕೆಟ್ಟಿತು ಎಂಬುದು ನೆಲದ ಪಂಡಿತರ ವಾದ. ಇದು ನಿಲ್ಲದು. ಎಲೆ ಹಸಿರಾಗಿ ಕಾಣುವುದು ಹಸಿರು ಬೆಳಕನ್ನು ಅದು ಪೂರ್ತಿ ಹೀರದೆ ಹಿಂದಕ್ಕೆ ಕಳಿಸುವುದರಿಂದ. ಕೆಂಪುಪಾಚಿ ಆ ಹಸಿರನ್ನೇ ಹೀರಿ, ಕೆಂಪನ್ನು ಹಿಂದಿರುಗಿಸುತ್ತದೆ. ಕಡಲಿನಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರುಗಳಲ್ಲಿ ಅಕ್ಷರಶಃ ನೀರುಪಾಲು. ಆಳಕ್ಕಿಳಿಯುವುದು ನೀಲಿ, ಹಸಿರು. ಸಿಗದ ಕೆಂಪನ್ನು ಬೇಡವೆನ್ನುವುದು ಸುಲಭದ ವೈರಾಗ್ಯ. ಅಲ್ಲದೆ ಆ ಆಳದಲ್ಲಿ ಈ ಪಾಚಿ ಕಾಣುವುದು ಕಪ್ಪಾಗಿ. ಕೆಂಪಿನ ಗಲಾಟೆಯೆಲ್ಲ ದಡದ ಮೇಲಿನವರದು.

1883ರಲ್ಲಿ ಜರ್ಮನಿಯ ಥಿಯೋಡೋರ್ ಎಂಗೆಲ್ಮನ್ ಬಣ್ಣಕ್ಕೆ ತಕ್ಕ ಆಳವನ್ನು ವಿಧಿಸಿದರು: ಮೇಲೆ ಹಸಿರು, ನಡುವೆ ಕಂದು, ತಳದಲ್ಲಿ ಕೆಂಪು. ಸುಂದರ ಸಿದ್ಧಾಂತ, ಪಾಚಿಗಳ ಒಪ್ಪಿಗೆ ಮಾತ್ರ ಪಡೆದಿರಲಿಲ್ಲ. ಅಲೆ ಬಡಿಯುವ ಬಂಡೆಗಳಲ್ಲಿ ಕೆಂಪುಪಾಚಿಯೂ ಆಳದಲ್ಲಿ ಹಸಿರುಪಾಚಿಯೂ ನಿಶ್ಚಿಂತೆಯಿಂದ ಇವೆ. ಆದರೂ ಆಳದ ದಾಖಲೆ ನಮ್ಮ ನಾಯಕಿಯದೇ. ಬಹಾಮಾಸ್‌ನ ಸ್ಯಾನ್ ಸಾಲ್ವಡಾರ್ ಬಳಿ 268 ಮೀಟರ್ ಆಳದಲ್ಲಿ, ಮೇಲ್ಮೈ ಬೆಳಕಿನ ಶೇ. 0.0005ರಷ್ಟೇ ತಲುಪುವಲ್ಲಿ, ಬಂಡೆಗಂಟಿಕೊಂಡು ಬದುಕುತ್ತಿದ್ದ ಸುಣ್ಣಗಟ್ಟಿದ ಕೆಂಪುಪಾಚಿಯ ವರದಿ 1985ರಲ್ಲಿ ಬಂತು.

ಈಗ ಸಿದ್ಧಾಂತಪಕ್ಷ. ಪತ್ರಹರಿತ್ತಿಗೆ, ಅಂದರೆ ಕ್ಲೋರೋಫಿಲ್‌ಗೆ, ಹಸಿರು ಬೆಳಕನ್ನು ಹಿಡಿಯುವ ಕೆಲಸ ಅಷ್ಟಾಗಿ ಒಗ್ಗದು. ಅದಕ್ಕೆಂದೇ ಪಾಚಿಯ ಥೈಲಕಾಯ್ಡ್ ಪೊರೆಯ ಮೇಲೆ ಫೈಕೋಬಿಲಿಸೋಮ್ ಎಂಬ ಕಚೇರಿ ತೆರೆದಿದೆ. ಗ್ರಿಫಿತ್ಸಿಯಾ ಎಂಬ ಪಾಚಿಯಲ್ಲಿ ಇಂಥ ಒಂದೊಂದು ಕಚೇರಿಗೂ 862 ಪ್ರೋಟೀನುಗಳ ಸಿಬ್ಬಂದಿಯೆಂದು 2017ರಲ್ಲಿ ಲೆಕ್ಕ ಸಿಕ್ಕಿತು. ಟಪಾಲು ತೆಗೆದುಕೊಳ್ಳುವ ಗುಮಾಸ್ತ ಫೈಕೋಎರಿಥ್ರಿನ್. ಸುಮಾರು 565 ನ್ಯಾನೊಮೀಟರ್‌ವರೆಗಿನ ಹಸಿರು ಬೆಳಕು ಇವನ ಮೇಜಿಗೆ ಬರುತ್ತದೆ. ಅಲ್ಲಿಂದ 620ರ ಫೈಕೋಸಯನಿನ್, ಬಳಿಕ 650ರ ಅಲ್ಲೋಫೈಕೋಸಯನಿನ್, ಕೊನೆಗೆ 680ರಲ್ಲಿ ಸಾಹೇಬರಾದ ಕ್ಲೋರೋಫಿಲ್ ‘ಎ’. ತರಂಗಾಂತರ ಹೆಚ್ಚಿದಂತೆ ಶಕ್ತಿ ಕಡಿಮೆ. ಹಾಗಾಗಿ ಕಡತ ಇಳಿಜಾರಿನಲ್ಲಿ ಮುಂದಕ್ಕೇ ಜಾರುತ್ತದೆ, ‘ಮರುಪರಿಶೀಲನೆಗೆ’ ಎಂದು ಹಿಂದಿನ ಮೇಜಿಗೆ ಮರಳುವುದು ಕಷ್ಟ. ಹಿಡಿದ ಶಕ್ತಿಯಲ್ಲಿ ಶೇ. 90ಕ್ಕೂ ಹೆಚ್ಚು ಸಾಹೇಬರನ್ನು ಮುಟ್ಟುತ್ತದೆ. ಇಲ್ಲಿಗೆ ಕಚೇರಿಯ ಉಪಮೆ ಕೆಟ್ಟಿತೆಂದು ಆಕ್ಷೇಪಿಸುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಇನ್ನೊಂದು ಸೋಜಿಗ. ಸಾಹೇಬರು ಸ್ವತಃ ಹಿಡಿದ ಬೆಳಕಿಗಿಂತ ಗುಮಾಸ್ತರು ತಂದ ಬೆಳಕಿನಿಂದಲೇ ಆಮ್ಲಜನಕ ಚೆನ್ನಾಗಿ ಹೊರಡುತ್ತದೆಂದು 1950ರಲ್ಲಿ ಹ್ಯಾಕ್ಸೊ ಮತ್ತು ಬ್ಲಿಂಕ್ಸ್ ಅಳೆದು ತೋರಿಸಿದರು. ಕಾರಣ ಸರಳ: ಸಾಹೇಬರ ಬಹುಪಾಲು ಬೀಡುಬಿಟ್ಟಿರುವುದು ಬೆಳಕನ್ನು ಬಳಸುವ ಎರಡು ದ್ಯುತಿವ್ಯವಸ್ಥೆಗಳ ಪೈಕಿ ಒಂದನೆಯದರಲ್ಲಿ. ನೀರನ್ನು ಸೀಳಿ ಆಮ್ಲಜನಕ ಬಿಡುವುದು ಎರಡನೆಯದು. ಅದಕ್ಕೆ ಮುಖ್ಯವಾಗಿ ಉಣಿಸುವವರು ಗುಮಾಸ್ತರು. ಮುಂದೆ ಇಂಗಾಲದಿಂದ ಸಕ್ಕರೆ ಮಾಡುವುದು ಎಲ್ಲ ಸಸ್ಯಗಳ ಮನೆಯ ಕಥೆಯೇ. ಪಿಷ್ಟವನ್ನು ಮಾತ್ರ ಈ ಪಾಚಿ ಹರಿದ್ರೇಣುವಿನ ಒಳಗಿಡದೆ ಹೊರಗೆ, ಕೋಶದ್ರವದಲ್ಲಿ ಕೂಡಿಡುತ್ತದೆ.

ಕೊನೆಗೆ ಪ್ರಕ್ಷಿಪ್ತ ವಿಚಾರ. ಪ್ರಬಂಧಕಾರನ ಆಸೆಯೆಲ್ಲ ಇದರ ಮೇಲೆ. 1943ರಲ್ಲಿ ಮ್ಯಾನಿಂಗ್ ಮತ್ತು ಸ್ಟ್ರೈನ್ ಕೆಂಪುಪಾಚಿಯ ಸಾರದಲ್ಲಿ ಕ್ಲೋರೋಫಿಲ್ ‘ಡಿ’ ಎಂಬ ಹೊಸ ವರ್ಣಕವನ್ನು ಕಂಡರು. ಅಲ್ಲಿಂದ ಅದು ಕೆಂಪುಪಾಚಿಯ ಸ್ವಂತ ಆಸ್ತಿಯಾಗಿ ಪುಸ್ತಕದಿಂದ ಪುಸ್ತಕಕ್ಕೆ ನಡೆಯಿತು. ಪಾಚಿಯ ಮೈಮೇಲೆ ಬಿಡಾರ ಹೂಡಿದ ಅಕ್ಯಾರಿಯೋಕ್ಲೋರಿಸ್ ಎಂಬ ಸಯನೋಬ್ಯಾಕ್ಟೀರಿಯಾದ ಸೊತ್ತು ಅದು ಎಂದು ಜಪಾನಿನ ಸಂಶೋಧಕರು ತೋರಿಸಿದ್ದು 2004ರಲ್ಲಿ. ಯಾರೋ ಓದುಗ ಓಲೆಯಂಚಿನಲ್ಲಿ ಗೀಚಿದ ಸಾಲನ್ನು ಕವಿಯದೆಂದು ಅರವತ್ತು ವರ್ಷ ವ್ಯಾಖ್ಯಾನಿಸಿದ ಪರಂಪರೆ ನಮ್ಮದೊಂದೇ ಅಲ್ಲವೆಂದು ತಿಳಿದು ಕನ್ನಡ ಸಂಪಾದಕರು ಸಮಾಧಾನಪಡಬಹುದು.

ಆದ್ದರಿಂದ ಕ್ಲೋರೋಫಿಲ್ ‘ಡಿ’ಯನ್ನು ಕೆಂಪುಪಾಚಿಯ ಮೂಲಪಾಠದಿಂದ ತೆಗೆದುಹಾಕತಕ್ಕದ್ದು ಎಂದು ಈ ಪ್ರಬಂಧ ನಿರ್ಣಯಿಸುತ್ತದೆ. ಪಿಯುಸಿ ಜೀವಶಾಸ್ತ್ರದ ಪಾಚಿ ಕೋಷ್ಟಕದಲ್ಲಿ ‘ಎ, ಡಿ, ಫೈಕೋಎರಿಥ್ರಿನ್’ ಎಂದು ಓದಿಕೊಂಡ ಮಕ್ಕಳಿಗೊಂದು ಕಿವಿಮಾತು: ನಿರ್ಣಯ ಏನೇ ಇರಲಿ, ಪರೀಕ್ಷೆಯಲ್ಲಿ ‘ಡಿ’ಯನ್ನು ಬಿಡಬೇಡಿ. ಅಂಕ ಕೊಡುವವರು ಈ ಪ್ರಬಂಧವನ್ನು ಓದುವುದಿಲ್ಲ.