ಡಲ್ಲಾಸಿನ ಕೋಳಿ, ನಮ್ಮೂರ ಚರಗ

"ನಮ್ಮ ಹುಡುಗಗ ನಾಕು ದಿನ ಸೂಟಿ ಬಿಟ್ಟಾರಂತ ನೋಡವ್ವಾ. ಅಮೆರಿಕದಾಗ ಅದೇನೋ ದೊಡ್ಡ ಹಬ್ಬಂತ. ಟರ್ಕಿ ಕೋಳಿ ಅಂತ ಒಂದು, ನಮ್ಮ ಕೋಳಿ ನಾಕು ಕೂಡಿಸಿದಷ್ಟು ಇರತೈತಂತ. ಇಡೀದಕ್ಕ ಇಡೀ ಭಟ್ಟಿಯೊಳಗಿಟ್ಟು ಬೇಯಸ್ತಾರಂತ. ಕೊಳ್ಳಾಗ ಲಿಂಗ ಕಟ್ಟಿಗೊಂಡ ಹುಡುಗ ಅಲ್ಲಿ ಕುಂತು ಏನು ಉಂಡನೋ ಏನೋ!"

ಕೈಯಲ್ಲಿ ಮೊರ, ಮೊರದಲ್ಲಿ ಎಳ್ಳು, ಮನಸ್ಸು ಡಲ್ಲಾಸಿನಲ್ಲಿ. ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಮಟ್ಟದ ಜಾಲಿಮುಳ್ಳಿನ ಬೇಲಿ. ಕಂಪೌಂಡ್ ಕಟ್ಟಿಸಬೇಕೆಂದು ಎರಡೂ ಮನೆಯ ಗಂಡಸರು ಆಗಾಗ ಅನ್ನುತ್ತಿರುತ್ತಾರೆ. ನಾವಿಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

"ಉಪವಾಸ ಅಂತೂ ಇರಾಂಗಿಲ್ಲ ಬಿಡ್ರಿ ಯಕ್ಕಾ. ನಮ್ಮ ಕಡಿ ಮಂದಿ ಕೂಡಿ ಮನಿಗೊಂದು ಅಡಗಿ ಮಾಡಿ ತರ್ತಾರಂತ, ಪುಳಿಯೋಗರೆ, ಪೂರಿ, ಜಾಮೂನು."

"ಅದಿರಲಿ, ಹಬ್ಬ ಯಾ ದೇವರದು?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಸುಗ್ಗಿ ಮುಗಿಸಿ, ಕಾಳು ಮನೆಗೆ ಬಂದ ಮೇಲೆ ದೇವರಿಗೆ ಕೈಮುಗಿದು ಉಣ್ಣುವ ಹಬ್ಬ ಅದು. ದೇಶ ತನ್ನೊಳಗೇ ಬಡಿದಾಡುತ್ತಿದ್ದ 1863ರಲ್ಲಿ ಲಿಂಕನ್ನನು ನವೆಂಬರಿನ ಕೊನೆಯ ಗುರುವಾರ ಎಲ್ಲರೂ ಆಚರಿಸಿ ಅಂತ ಸಾರಿದ. 1941ರಲ್ಲಿ ಕಾನೂನು ಮಾಡಿ ನಾಲ್ಕನೇ ಗುರುವಾರಕ್ಕೆ ಗೂಟ ಹೊಡೆದರು.

"ಹಬ್ಬಕ್ಕೂ ಕಾನೂನು!" ಅಕ್ಕನಿಗೆ ನಗು. ಇಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಚಂದ್ರನ ಕೈಯಲ್ಲಿದೆ. ಹಿಂದಿನ ವರ್ಷ ಅಧಿಕ ಮಾಸ ಬಂದು ಹೋದದ್ದರಿಂದ 2024ರಲ್ಲಿ ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ, ಒಂದೇ ಕ್ಯಾಲೆಂಡರಿನಲ್ಲಿ ಎರಡು ಸಲ ಬುತ್ತಿ ಕಟ್ಟಿದೆವು. ಯಾವ ಸರಕಾರವೂ ಬೇಡವೆನ್ನಲಿಲ್ಲ.

ಆಮೇಲೆ ಅಕ್ಕ ಮೊರ ಕೆಳಗಿಟ್ಟು ಅಂದದ್ದು ಕೇಳಿ: "ಕಾಳು ಮನಿಗೆ ಬಂದ ಮ್ಯಾಲೆ ಯಾರರ ಹಬ್ಬ ಮಾಡ್ತಾರ. ಬೆಳಿ ಇನ್ನಾ ಹೊಲದಾಗ ನಿಂತಾಗ ಮಾಡಬೇಕವ್ವಾ. ಆವಾಗಲ್ಲೇನು ಧೈರ್ಯ?"

ಖರೆ ಮಾತು. ಎಳ್ಳಮಾಸಿ ಹೊತ್ತಿಗೆ ನಮ್ಮ ಎರೆ ಹೊಲದ ಬಿಳಿಜೋಳ ಇನ್ನೂ ಹೊಡೆ ಬಿಚ್ಚುತ್ತಿರುತ್ತದೆ, ಕಡಲೆ ಹೂವಾಡುತ್ತಿರುತ್ತದೆ. ಮಳೆ ಹೋಗಿ ಎಷ್ಟೋ ದಿನ ಆಗಿರುತ್ತದೆ. ಹಿಂಗಾರಿ ಜೋಳ ಇಬ್ಬನಿ ಕುಡಿದೇ ಬೆಳೆಯುತ್ತದೆ ಅನ್ನುತ್ತಾರೆ. ಕಾಳು ಕಟ್ಟಿದರೆ ಕಟ್ಟಿತು, ಇಲ್ಲದಿದ್ದರೆ ದನಕ್ಕೆ ಮೇವು. ಏನು ಕೊಡುತ್ತಾಳೋ ಗೊತ್ತಿಲ್ಲದ ಭೂತಾಯಿಗೆ, ಬಸುರಿ ಹೆಣ್ಣುಮಗಳೆಂದು ಬಗೆದು, ಮನೆಯಲ್ಲಿದ್ದ ಒಳ್ಳೆಯದನ್ನೆಲ್ಲ ಒಯ್ದು ಉಣಿಸುವುದೇ ಚರಗ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು, ಸುಣ್ಣ ಹಚ್ಚಿದರೆ ಅವೇ ಪಾಂಡವರು. ಎಡೆ ಹಿಡಿದು, ಎಲ್ಲ ಅಡುಗೆಯನ್ನೂ ಬುಟ್ಟಿಯಲ್ಲಿ ಕಲಸಿ, ಒಬ್ಬರು ಚೆಲ್ಲುತ್ತ ಹೋದರೆ ಬೆನ್ನಿಗೆ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಕೂಗು ಹಾಕಬೇಕು. ಕೂಗು ಊರಿಗೊಂದು ಥರ. ಅಕ್ಕನ ತವರು ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕಡೆ, ನಮ್ಮ ಕೂಗು ಅವರಿಗೆ ಎಂದೂ ಸರಿ ಕೇಳಿಸಿಲ್ಲ. ಚರಗ ತಿನ್ನಲು ಬಂದ ಹಕ್ಕಿಗಳು ಕಡಲೆಯ ಕಾಯಿಕೊರಕ ಹುಳವನ್ನೂ ತಿನ್ನುತ್ತವೆ, ನಮ್ಮ ಹಿರಿಯರದು ವಿಜ್ಞಾನ ಅಂತ ಓದಿದ ಹುಡುಗರು ಹೇಳುತ್ತಾರೆ. ಹೋಳಿಗೆ ಬಿದ್ದಿರುವಾಗ ಹುಳಕ್ಕೆ ಬಾಯಿ ಹಾಕುವ ಹಕ್ಕಿ ಯಾವುದೋ ನಾನು ಕಾಣೆ.

ಆ ದಿನ ದಾರಿಯಲ್ಲಿ ಹೋಗುವವರನ್ನು ಕರೆಯದೆ ಉಣ್ಣಬಾರದು. ನಮ್ಮ ಹೊಲ ಮಸ್ಕಿ ಗುಡ್ಡದ ಕಡೆಗಿದೆ. ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರನಿಗೆ 1915ರಲ್ಲಿ ಅಶೋಕನ ಶಾಸನ ಸಿಕ್ಕಿತಲ್ಲ, ಅದೇ ಗುಡ್ಡ. ರಾಜನ ಹೆಸರು ಬರೀ 'ದೇವಾನಾಂಪ್ರಿಯ' ಎಂದಿರದೆ ಅಶೋಕ ಎಂದೇ ಕೊರೆದ ಶಾಸನವೆಂದು ಓದಿದವರು ಹುಡುಕಿಕೊಂಡು ಬರುತ್ತಾರೆ. ಎಳ್ಳಮಾಸಿ ದಿನ ಬಂದರೆ ಮುಗಿಯಿತು, ಶಾಸನ ಆಮೇಲೆ, ಮೊದಲು ಸಜ್ಜೆ ರೊಟ್ಟಿ. ಒಮ್ಮೆ ಬೆಂಗಳೂರಿನ ಮೇಷ್ಟರೊಬ್ಬರು ಗುರೆಳ್ಳು ಚಟ್ನಿ ನಾಲಿಗೆಗೆ ತಾಗಿಸಿ ಕಣ್ಣಲ್ಲಿ ನೀರು ತಂದುಕೊಂಡು, ಬೆನ್ನಿಗೇ ಮೂರು ಶೇಂಗಾ ಹೋಳಿಗೆ ತಿಂದು ಎದ್ದರು.

ಕರೆಯದೆಯೂ ಬರುವವರು ಸಿಂಧನೂರಿನವರು. ನನ್ನ ನಾದಿನಿಯನ್ನು ಅಲ್ಲಿಗೆ ಕೊಟ್ಟಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಆಂಧ್ರದಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿದರು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕ್ಯಾಂಪುಗಳೂ ಇವೆ. ಅವರವರ ಹೊಸ ಅಕ್ಕಿಯ ಸಂಭ್ರಮ ಸಂಕ್ರಾಂತಿಗೆ, ಬಂಗಾಲಿ ಮನೆಗಳಲ್ಲಿ ಅಕ್ಕಿಹಿಟ್ಟಿನ ಪೀಠೆ ಮಾಡುತ್ತಾರೆ. ನಾದಿನಿ ಒಂದು ಸಲ ಡಬ್ಬಿ ತಂದಿದ್ದಳು, ಬೆಲ್ಲ-ಕೊಬ್ಬರಿ ತುಂಬಿದ ಹಾಲಿನಂಥ ಮೆತ್ತಗಿನ ಸುರುಳಿ. ಅಕ್ಕ "ಹಲ್ಲಿಲ್ಲದವರ ಕಡುಬು" ಅಂದರೂ ಎರಡು ತಿಂದರು.

ಆದರೆ ಎಳ್ಳಮಾಸಿಗೆ ಭತ್ತದ ಗದ್ದೆ ಒದಗುವುದಿಲ್ಲ. ಕೊಯ್ಲಿನ ಮಷಿನ್ ಓಡಾಡಿದ ಗಾಲಿ ಗುರುತು, ಕೂಳೆ, ಹಸಿ ನೆಲ. ಕೂತು ಉಣ್ಣಲು ಒಂದು ಗಿಡದ ನೆರಳು ಬೇಕೆಂದರೆ ಬದುವಿನುದ್ದಕ್ಕೂ ಹುಡುಕಬೇಕು. ದುಡ್ಡು ಅವರ ಹತ್ತಿರ, ಬನ್ನಿ ಗಿಡ ನಮ್ಮ ಹತ್ತಿರ. ಹಾಗಾಗಿ ಅಂದು ಗೂಡ್ಸ್ ಗಾಡಿ ತುಂಬ ಮಂದಿ ಮಸ್ಕಿಗೆ ಬರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ನಾದಿನಿ ಚರಗದ ಬುಟ್ಟಿ ಹಿಡಿದು ನಿಂತು, "ವೈನಿ, ನಿಮ್ಮದು ಹೊಲಕ್ಕ ಚೆಲ್ಲಿದ್ರ ನಡೀತದ. ನಾವು ಮುನಿರಾಬಾದಿಗೆ ಹೋಗಿ ಗೇಟಿಗೆ ಚೆಲ್ಲಬೇಕು" ಅಂದಳು. ಎಲ್ಲರೂ ನಕ್ಕೆವು. ಅವಳ ಗಂಡ ಮಾತ್ರ ನಗಲಿಲ್ಲ.

ಇಷ್ಟರಲ್ಲಿ ಬೇಲಿಯ ಮಾತು ರೊಟ್ಟಿಗೆ ಬಂತು. ಸಜ್ಜೆ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ, ಅದಕ್ಕೆ ಹಬ್ಬದ ವಾರವೇ ಬೀಸಿಸಬೇಕು. ಜಿಗುಟಿಲ್ಲದ ಹಿಟ್ಟು, ಕುದಿಯುವ ಎಸರು ಹಾಕಿ ಬಿಸಿಯಿರುವಾಗಲೇ ನಾದದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಬಡಿದು, ಮೇಲೆ ಎಳ್ಳು ಉದುರಿಸಿ, ಅಂಗೈಯಿಂದ ಒತ್ತಿ, ಹಂಚಿಗೆ ಹಾಕಿ ನೀರು ಸವರಬೇಕು. ಎಳ್ಳು ಚಟಪಟ ಅಂದಾಗ ತಿರುವಿ, ಅರಿವೆಯಿಂದ ಅದುಮಿ, ಒಲೆಯ ದಂಡೆಗೆ ನಿಲ್ಲಿಸಿದರೆ ಖಡಕ್ ಆಗುತ್ತದೆ. ಗ್ಯಾಸ್ ಒಲೆಗೆ ದಂಡೆಯೇ ಇಲ್ಲ, ಅದೊಂದು ಗೋಳು.

"ಹುಡುಗಗ ಒಂದು ಡಬ್ಬಿ ಕಳಸಬೇಕವ್ವಾ. ಹೋಗೂದ್ರೊಳಗ ಪುಡಿ ಆಗ್ತಾವೇನು?"

"ಪುಡಿ ಆದ್ರ ಮೊಸರಾಗ ಕಲಸಿಗೊಂಡು ತಿಂತಾನ ತಗೋರಿ."

"ಈ ಸಲ ನಿನ್ನ ನಾದಿನಿ ಕೂಡ ಎಷ್ಟು ಮಂದಿ?"

"ಇಪ್ಪತ್ತು ಅಂತ ಅಂದಾಳ."

"ಹಂಗಾದ್ರ ನಲವತ್ತು," ಅಂದ ಅಕ್ಕ ಮೊರ ಎತ್ತಿಕೊಂಡರು, "ಎಣ್ಣಿಗಾಯಿ ನಾನs ಮಾಡ್ತೀನಿ, ನೀ ಬೆಲ್ಲ ಭಾಳ ಹಾಕ್ತಿ."